ಶಟರಿನ ಹೊರಮೈ

ಭಾನುವಾರ, ಅಂಗಡಿಗೆ ರಜೆ

ವಾದಿಯಾದ ನನ್ನ ತಮ್ಮನಿಗೆ ಪ್ರತಿವಾದಿಯಾದ ಅಕ್ಕನ ಆಶೀರ್ವಾದಗಳು.

ಇಲ್ಲಿಯವರೆಗಿನ ಖರ್ಚು ಹೇಳಿಬಿಡುತ್ತೇನೆ. ವಕೀಲರ ಫೀಸು, ಒಂದು ಜೊತೆ ಚಪ್ಪಲಿ, ಅಪ್ಪನ ಕಾಲದ ನಾಲ್ಕು ಗಿರಾಕಿಗಳು, ಮತ್ತೆ ನಿನ್ನ ಮೇಲಿದ್ದ ನಂಬಿಕೆ. ಕೊನೆಯದಕ್ಕೆ ರಸೀದಿ ಇಲ್ಲ.

ಅಪ್ಪನ ಬ್ಯಾಗ್ ರಿಪೇರಿ ಅಂಗಡಿ ಮಾರಿ ಅರ್ಧ ಕೊಡಿಸಿ ಎಂದು ನೀನು ದಾವೆ ಹಾಕಿದೆ. ಹಾಕು, ಅದು ನಿನ್ನ ಹಕ್ಕು. ಆದರೆ ಕೋರ್ಟಿನ ಅಮೀನ ಸಮನ್ಸ್ ತಂದದ್ದು ರಜೆಯ ದಿನವೇ ಏಕೆ? ನಾನು ಜಿಪ್ಪು ತರಲು ಪೇಟೆಗೆ ಹೋಗಿದ್ದೆ. ಅವನು ಬಾಗಿಲು ಬಡಿದು, ಯಾರೂ ಇಲ್ಲವೆಂದು ಶಟರಿಗೆ ಅಂಟಿಸಿ ಹೋದ.

ಆ ಶಟರ್ ನಿನಗೆ ಗೊತ್ತು. ನಾನು ಇರುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಓಡಾಡುವುದು ಹಿತ್ತಿಲ ಬಾಗಿಲಲ್ಲಿ. ಬೆಳಿಗ್ಗೆ ಒಳಗಿಂದ ಎತ್ತುತ್ತೇನೆ, ರಾತ್ರಿ ಒಳಗಿಂದಲೇ ಎಳೆಯುತ್ತೇನೆ. ಚಿಕ್ಕಂದಿನಲ್ಲಿ ಅದರ ಹಿಡಿಗೆ ಜೋತುಬೀಳುತ್ತಿದ್ದವನು ನೀನೇ. ಹಗಲೆಲ್ಲ ಆ ಕಾಗದ ಮೇಲೆ ಶಟರಿನ ಸುರುಳಿಯೊಳಗೆ ಸುತ್ತಿಕೊಂಡಿರುತ್ತಿತ್ತು, ರಾತ್ರಿ ಬೀದಿಗೆ ಮುಖ ತೋರಿಸುತ್ತಿತ್ತು. ಬೀದಿಯೆಲ್ಲ ಓದಿತು, ನಾನೊಬ್ಬಳನ್ನು ಬಿಟ್ಟು.

ಗಿರಾಕಿಗಳು ರಿಪೇರಿ ಮುಗಿಯದ ಬ್ಯಾಗುಗಳನ್ನೇ ವಾಪಸು ಕೇಳತೊಡಗಿದರು. ಎದುರಿನ ಚಹಾದವನು ಕರೆಯದೆ ಬಂದು, "ಅಕ್ಕಾ, ಧೈರ್ಯವಾಗಿರಿ" ಎಂದ. ನನಗೇನೋ ದೊಡ್ಡ ರೋಗವಿದೆಯೆಂದು ಯಾರೋ ಹಬ್ಬಿಸಿದ್ದಾರೆ ಅಂದುಕೊಂಡೆ. ಅವನ ಮೇಲೂ ಅನುಮಾನಪಟ್ಟೆ.

ಒಂದು ಸಂಜೆ ಶಟರ್ ರಿಪೇರಿಯವನು ತಾನಾಗಿ ಬಂದ. "ಅಕ್ಕಾ, ಸ್ಪ್ರಿಂಗಿಗೆ ಎಣ್ಣೆ ಬಿಡ್ಬೇಕು. ನಾನು ಒಳಗಿಂದ ಎಳೀತೀನಿ, ನೀವು ಹೊರಗೆ ನಿಂತು ಓರೆ ಆಗುತ್ತಾ ನೋಡಿ" ಎಂದ. ನಿಂತೆ. ಶಟರ್ ಇಳಿಯುತ್ತಿದ್ದಂತೆ ಮೊದಲು ಕೋರ್ಟಿನ ಮೊಹರು ಬಂತು, ಆಮೇಲೆ ತಾರೀಖು, ಆಮೇಲೆ ನನ್ನ ಹೆಸರು. ಎಲ್ಲದರ ತಲೆಯ ಮೇಲೆ ನಿನ್ನ ಹೆಸರು.

ಹಾಜರಾಗಬೇಕಾದ ದಿನ ಮಾರನೆಯದೇ. ವಕೀಲರ ಮನೆಗೆ ಓಡಿದೆ. "ನಾಳೆ ಹೋಗದಿದ್ರೆ ಏಕಪಕ್ಷೀಯ ಅಂತ ಬರೀತಾರಮ್ಮ. ಆಮೇಲೆ ಅವನು ಹೇಳಿದ್ದಷ್ಟೇ ಕೋರ್ಟಿನ ಕಿವಿಗೆ ಬೀಳೋದು" ಎಂದರು. ಹೋಗಿ ನಿಂತೆ, ಉತ್ತರ ಕೊಡಲು ಗಡುವು ಸಿಕ್ಕಿತು. ದಾವೆಯ ಪ್ರತಿ ಪ್ಯಾರಾಕ್ಕೂ ಉತ್ತರ ಹೇಳಬೇಕಂತೆ, ಅಲ್ಲ ಎನ್ನದೆ ಬಿಟ್ಟರೆ ಒಪ್ಪಿಕೊಂಡ ಲೆಕ್ಕವಂತೆ. ಎಲ್ಲಕ್ಕೂ ಅಲ್ಲ ಎಂದೆ. ನಾವಿಬ್ಬರೂ ಒಬ್ಬಪ್ಪನ ಮಕ್ಕಳು ಎಂಬ ಎರಡನೇ ಪ್ಯಾರಾವನ್ನು ಮಾತ್ರ ಒಪ್ಪಿದೆ.

ಇಂತಿ,
ಇನ್ನೂ ಅಂಗಡಿಯಲ್ಲೇ ಇರುವ
ನಿನ್ನ ಅಕ್ಕ

ಮರೆತ ಮಾತು: ಶಟರಿನವನು ನನ್ನಿಂದ ಕೂಲಿ ತೆಗೆದುಕೊಳ್ಳಲಿಲ್ಲ. "ನಿಮ್ಮ ತಮ್ಮ ಆಗ್ಲೇ ಕೊಟ್ಟಿದ್ದಾರೆ, ಹೇಳ್ಬೇಡ ಅಂದಿದ್ರು" ಎಂದ. ಹಾಗಾದರೆ ಅವನನ್ನು ಕಳಿಸಿದ್ದು ನೀನೇ. ಕರುಳು ಚುರುಕ್ ಎಂದಿತೋ? ಅಥವಾ ಸಮನ್ಸ್ ಕೈಸೇರದೆ ಗೆದ್ದ ತೀರ್ಪು ಮುಂದೆ ಬಿದ್ದುಹೋಗಬಹುದೆಂದು ನಿನ್ನ ವಕೀಲರು ಎಚ್ಚರಿಸಿದರೋ? ನನ್ನ ವಕೀಲರು ಎರಡನೆಯದೇ ಎನ್ನುತ್ತಾರೆ. ನಾನು ಇನ್ನೂ ಯಾವುದನ್ನೂ ಬರೆದುಕೊಂಡಿಲ್ಲ.

ಸದ್ಯಕ್ಕೆ ಲಾಭ ಇಷ್ಟು: ಇಬ್ಬರು ವಕೀಲರಿಗೆ ಒಬ್ಬೊಬ್ಬ ಗಿರಾಕಿ. ಶಟರಿನವನಿಗೆ ಒಂದು ಸಂಜೆಯ ಕೂಲಿ. ನಿನಗೆ ಎದುರಿಗೆ ನಿಂತು ಉತ್ತರ ಕೊಡುವ ಅಕ್ಕ. ನನಗೆ, ದಿನಕ್ಕೊಮ್ಮೆ ಹೊರಗೆ ನಿಂತು ಶಟರ್ ನೋಡುವ ಅಭ್ಯಾಸ.