ಅಂಚಿನಲ್ಲಿ ನಿಂತಿದ್ದ ಅಪ್ಪ

ಅಬುಲ್ ಖಸೀಬ್, ಬಸ್ರಾ
ಸೆಪ್ಟೆಂಬರ್ ೨೦

ನನ್ನ ತಮ್ಮ ಗಸ್ಸಾನ್,

ನಿನ್ನ ಮೇಲೆ ಶಾಂತಿ ಇರಲಿ. ಬೆನ್ನುನೋವು ಹೇಗಿದೆ? ದುಬೈಯ ಆ ಹಾಳು ಕುರ್ಚಿ ಬದಲಾಯಿಸಿದೆಯಾ? ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಕಾಫಿ ಕುಡಿದುಕೊಂಡು ಕೂರಬೇಡ. ಇಷ್ಟು ಅಕ್ಕನಾಗಿ ಕೇಳಿದ್ದು. ಇನ್ನು ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆಯುತ್ತಿರುವುದು, ಹಾಗೆಂದೇ ಓದಿಕೋ. ಫೋನಿನಲ್ಲಿ ಬೈಯೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ಸುಮ್ಮನಿರಲೇಬೇಕು.

ತೋಟ ನಮ್ಮ ಕೈತಪ್ಪುತ್ತಿದೆ. ನಮ್ಮಿಬ್ಬರ ಹೆಸರಿನ ಗುತ್ತಿಗೆಯನ್ನು ಮುಂದುವರಿಸುವುದಿಲ್ಲವೆಂದು ವಕ್ಫ್ ಸಮಿತಿಯವರು ತೀರ್ಮಾನಿಸಿದ್ದಾರೆ. ಮದುವೆ ಮಂಟಪ ಕಟ್ಟಬೇಕೆಂದು ಒಬ್ಬ ಶ್ರೀಮಂತ ಆ ನೆಲದ ಮೇಲೆ ಕಣ್ಣಿಟ್ಟು ಕೂತಿದ್ದಾನಂತೆ. ಉಪ್ಪುನೀರು ನುಗ್ಗಿ ಸತ್ತೇ ಹೋಗಿದ್ದ ನೆಲ ಅದು. ಅಪ್ಪ ಕಾಲುವೆಯ ಹೂಳೆತ್ತಿ, ಮೊದಲ ಸಾಲು ಖರ್ಜೂರದ ಮರಿಗಳನ್ನು ನೆಟ್ಟು ಕಣ್ಣು ಮುಚ್ಚಿದ. ಮಿಕ್ಕ ಸಾಲುಗಳನ್ನು ನೆಟ್ಟವಳು ನಾನು. ಈ ವರ್ಷ ಗೊನೆಗಳ ಭಾರ ತಡೆಯಲಾರದೆ ಮರಗಳಿಗೆ ಊರುಗೋಲು ಕೊಡಬೇಕಾಯಿತು. ಸಮಿತಿಯ ಮುಂದೆ ಇದನ್ನೆಲ್ಲ ಹೇಳಬೇಕೆಂದು ಎರಡು ಹಾಳೆ ತುಂಬ ಬರೆದುಕೊಂಡಿದ್ದೆ. ನೀನು ಅದನ್ನು ನೋಡಿ ನಕ್ಕೆ. ದೊಡ್ಡ ದೊಡ್ಡ ಕಂಪನಿಗಳಿಗೆ ಸ್ಲೈಡು ಮಾಡಿಕೊಡುವ ತಮ್ಮ ನಗುವಾಗ ನಾನು ಇನ್ನೇನು ಹೇಳಲಿ?

"ಅಕ್ಕಾ, ಇಷ್ಟೆಲ್ಲ ಯಾರು ಕೇಳ್ತಾರೆ? ಬೇಡದ್ದನ್ನೆಲ್ಲ ತೆಗೆದುಹಾಕು. ಹಾಳೆ ಖಾಲಿ ಇದ್ದಷ್ಟೂ ಚೆಂದ. ಚಿತ್ರ ಮಾತಾಡ್ಲಿ, ನೀನು ಸುಮ್ನಿರು." ನಿನ್ನದೇ ಮಾತು. ಹಾಗೆ ಹೇಳಿ ಒಂದೇ ಒಂದು ಸ್ಲೈಡು ಕಳಿಸಿದೆ. ಎಡಕ್ಕೆ ಒಣಗಿದ ಬೊಡ್ಡೆಗಳು, ಬಲಕ್ಕೆ ಹಸಿರು ತೋಟ, ಹೆಸರಿಗೂ ಒಂದು ಅಕ್ಷರವಿಲ್ಲ. ನಾನು ಹೇಳಬೇಕಾದದ್ದೂ ಒಂದೇ ವಾಕ್ಯ: ಇದು ನಮ್ಮ ಕೈಕೆಲಸ. ಹೇಳಿ ಮುಗಿಸಿ ನಗುತ್ತ ನಿಲ್ಲಬೇಕು, ಯಾರು ನಿಟ್ಟುಸಿರು ಬಿಟ್ಟರೂ ಮಧ್ಯೆ ಮಾತಾಡಬಾರದು. ಕನ್ನಡಿಯ ಮುಂದೆ ನಿಂತು ಆ ನಗುವನ್ನು ಕೂಡ ಅಭ್ಯಾಸ ಮಾಡಿಕೊಂಡು ಹೋದೆ, ನನ್ನ ಕರ್ಮ.

ಅಂದು ಎಲ್ಲವೂ ನೀನು ಹೇಳಿದಂತೆಯೇ ನಡೆಯಿತು. ಗೋಡೆಯ ಮೇಲೆ ಚಿತ್ರ ಬಿತ್ತು. ಇದು ನಮ್ಮ ಕೈಕೆಲಸ ಎಂದೆ, ನಗುತ್ತ ನಿಂತೆ. ಸಮಿತಿಯವರು ಅತ್ತಿಂದಿತ್ತ ನೋಡಿದರು. ಅಧ್ಯಕ್ಷರಾದ ಸಯ್ಯಿದ್ ಮುಹ್ಸಿನ್ ನಿಟ್ಟುಸಿರು ಬಿಟ್ಟು ತಲೆಯಾಡಿಸಿದರು. ಹಿಂದಿದ್ದ ಸ್ಥಿತಿಗೆ ಮರುಗುತ್ತಿದ್ದಾರೆ, ನಾವು ಗೆದ್ದೆವು ಎಂದುಕೊಂಡೆ. ದಾರಿಯಲ್ಲಿ ಮಿಠಾಯಿ ಕೊಂಡು ಮನೆಗೆ ಬಂದೆ.

ನಿರಾಕರಣೆಯ ಕಾಗದ ಬಂದ ದಿನ ಗುಮಾಸ್ತ ಅಬು ಲಯ್ತ್ ಅವರಲ್ಲಿಗೆ ಓಡಿದೆ. ಅವರು ನನ್ನ ಮುಖವನ್ನೇ ನೋಡಲಿಲ್ಲ. ಕೊನೆಗೆ, "ಅಷ್ಟು ಹಸಿರಾಗಿದ್ದ ತೋಟನ ಹಾಗೆ ಸುಟ್ಟು ಬೂದಿ ಮಾಡಿದೀಯಲ್ಲಮ್ಮ. ಅದನ್ನ ನಗ್ತಾ ಬೇರೆ ತೋರಿಸ್ತೀಯಾ?" ಎಂದರು. ಮೊದಲು ಏನೂ ಹೊಳೆಯಲಿಲ್ಲ. ಮನೆಯ ದಾರಿಯಲ್ಲಿ ಹೊಳೆಯಿತು. ಗಸ್ಸಾನ್, ಅರಬ್ಬಿಯನ್ನು ನಾವು ಯಾವ ಕಡೆಯಿಂದ ಓದುತ್ತೇವೆ? ವರ್ಷಗಳಿಂದ ತೋಟದತ್ತ ಕಾಲಿಡದ ಸಮಿತಿಯವರು ಚಿತ್ರವನ್ನು ಬಲದಿಂದಲೇ ನೋಡಿದ್ದಾರೆ. ಮೊದಲು ಹಸಿರು, ಆಮೇಲೆ ಬೊಡ್ಡೆ, ಕೊನೆಗೆ ಹಲ್ಲು ಬಿಟ್ಟುಕೊಂಡು ನಿಂತ ನಾನು. ಅಪ್ಪನ ತೊಡೆಯ ಮೇಲೆ ಕೂತು ಬಲದಿಂದ ಅಕ್ಷರ ತಿದ್ದಿದವನು ನೀನು, ಯಾರದೋ ಕಂಪನಿಯ ಅಳತೆಗೆ ನಮ್ಮ ತೋಟವನ್ನು ತಿರುಗಿಸಿ ಇಟ್ಟೆಯಲ್ಲ!

ಇಷ್ಟೇ ಆಗಿದ್ದರೆ ತಪ್ಪು ಯಾರಿಗೆ ಆಗುವುದಿಲ್ಲ ಎಂದು ನುಂಗಿಕೊಳ್ಳುತ್ತಿದ್ದೆ. ಮನೆಗೆ ಬಂದು ಅಡುಗೆಮನೆಯ ಗೋಡೆ ನೋಡಿದೆ. ಆ ಒಣಗಿದ ತೋಟದ ಚಿತ್ರ ಅಲ್ಲಿದೆ, ದುಬೈಗೆ ಹೊರಡುವ ಮೊದಲು ನೀನೇ ತೆಗೆದದ್ದು. ಅದರ ಅಂಚಿನಲ್ಲಿ ಅಪ್ಪ ಇದ್ದಾನೆ. ಗುದ್ದಲಿ ಹಿಡಿದು, ಒಂದು ಕಾಲು ಕೆಸರಲ್ಲಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾನೆ. ನಿನ್ನ ಸ್ಲೈಡಿನಲ್ಲಿ ಅವನಿಲ್ಲ. ಕೇಳಿದರೆ ಏನು ಉತ್ತರ ಕಳಿಸಿದೆ? "ಅಪ್ಪ ಅಂಚಲ್ಲಿ ನಿಂತು ಗಮನ ಎಳೀತಿದ್ದ ಅಕ್ಕಾ, ಅದಕ್ಕೇ ಕತ್ತರಿಸ್ದೆ." ಸಮಿತಿಯಲ್ಲಿ ಅಪ್ಪನ ಶವಕ್ಕೆ ಹೆಗಲು ಕೊಡದವರು ಒಬ್ಬರೂ ಇಲ್ಲ. ಅವನು ಆ ಚಿತ್ರದಲ್ಲಿದ್ದಿದ್ದರೆ ಎಡವೇನು, ಬಲವೇನು, ತಲೆಕೆಳಗೆ ತೋರಿಸಿದ್ದರೂ ಯಾವುದು ಮೊದಲು ಎಂದು ಮಗು ಕೂಡ ಹೇಳುತ್ತಿತ್ತು. ನನ್ನ ಎರಡು ಹಾಳೆ ಬೇಡವಾಯಿತು, ಒಪ್ಪಿದೆ. ಅಪ್ಪನೂ ಬೇಡವಾದನೇ ನಿನಗೆ?

ನಾಳೆ ಗೋಡೆಯ ಚಿತ್ರ ಇಳಿಸಿಕೊಂಡು ಸಯ್ಯಿದ್ ಮುಹ್ಸಿನ್ ಅವರ ಮನೆಗೆ ಹೋಗುತ್ತೇನೆ. ನಗುವುದಿಲ್ಲ, ಬಾಯಿ ತುಂಬ ಮಾತಾಡುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಕೊಡಲಿ. ಖರ್ಜೂರದ ಡಬ್ಬಿಯ ಜೊತೆ ಈ ಕಾಗದ ಕಳಿಸುತ್ತೇನೆ. ಹಣ್ಣಿನ ಮೇಲೆ ನನಗೆ ಸಿಟ್ಟಿಲ್ಲ, ತಿನ್ನು.

ನಿನ್ನ ಅಕ್ಕ,
ಸಾಹಿರಾ

ಮತ್ತೆ: ಡಬ್ಬಿ ಕಟ್ಟುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಹೋಗಿಬಂದೆ. ಸಯ್ಯಿದ್ ಮುಹ್ಸಿನ್ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ಹಿಡಿದಿದ್ದರು. "ಇವ್ನು ನಮ್ ಯಾಸೀನ್ ಅಲ್ವಾ? ಹಾಗಾದ್ರೆ ಒಣಗಿದ್ದೇ ಮೊದ್ಲು" ಎಂದು ಕಣ್ಣೊರೆಸಿಕೊಂಡರು. ಸಮಿತಿಯವರನ್ನು ಅಲ್ಲಿಗೇ ಕರೆಸಿ ಗುತ್ತಿಗೆ ಮುಂದುವರಿಸಿಕೊಟ್ಟರು. ಹೊಸ ಪತ್ರಕ್ಕೆ ಯಾರ ಯಾರ ಹೆಸರು ಬರೆಯಲಿ ಎಂದು ಅಬು ಲಯ್ತ್ ಕೇಳಿದರು. ಬೇಡದ್ದನ್ನೆಲ್ಲ ತೆಗೆದುಹಾಕಬೇಕೆಂದು ನೀನೇ ಕಲಿಸಿದ್ದೆಯಲ್ಲ, ನನ್ನದೊಂದೇ ಹೆಸರು ಹೇಳಿದೆ. ಹಾಳೆ ಎಷ್ಟು ಖಾಲಿಯಾಗಿ, ಎಷ್ಟು ಚೆಂದ ಕಾಣುತ್ತದೆ, ನೀನು ನೋಡಬೇಕು.