ತೊಂಬತ್ತಕ್ಕೆ ಪಾಸು ಮಾಡುವ ಆಸ್ಪತ್ರೆಯ ಅಧೀಕ್ಷಕರಿಗೆ

ಮಾನ್ಯ ಅಧೀಕ್ಷಕರೇ,

ತಮ್ಮ ಆಪರೇಷನ್ ಥಿಯೇಟರಿನ ನಿಶ್ಶಬ್ದಕ್ಕೆ ಮೊದಲು ಅಭಿನಂದನೆ. ಬಿಪಿ ಯಂತ್ರಗಳು ಸುಮ್ಮಸುಮ್ಮನೆ ಕೂಗಿಕೊಂಡು ಸರ್ಜನ್ನರ ಏಕಾಗ್ರತೆ ಕೆಡಿಸುತ್ತವೆಂದು, ಮೇಲಿನ ಬಿಪಿ ತೊಂಬತ್ತಕ್ಕಿಂತ ಕೆಳಗಿಳಿದರೆ ಮಾತ್ರ ಅಲಾರಾಂ ಹೊಡೆಯಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಇಪ್ಪತ್ತರ ಹುಡುಗನಿಗೂ ಅಷ್ಟೇ, ಎಪ್ಪತ್ತೆಂಟರ ನನ್ನ ಅಕ್ಕನಿಗೂ ಅಷ್ಟೇ. ಸಮಾನತೆ ಎಂದರೆ ಇದೇ ಇರಬೇಕು. ಆ ಸಮಾನತೆಯ ಬಗ್ಗೆಯೇ ನನ್ನ ದೂರು.

ಮಾತ್ರೆ ನುಂಗಿದ ಮೇಲೂ ಅಕ್ಕನ ಬಿಪಿ ನೂರೈವತ್ತರಿಂದ ಇಳಿಯುತ್ತಿರಲಿಲ್ಲ. ಅವಳ ಮಿದುಳಿಗೂ ಆ ರಭಸದ ರಕ್ತವೇ ರೂಢಿ. ಪಿತ್ತಕೋಶದ ಕಲ್ಲು ತೆಗೆಯಲು ಪೂರ್ತಿ ಅರಿವಳಿಕೆ ಕೊಟ್ಟಾಗ ಬಿಪಿ ತೊಂಬತ್ತೈದಕ್ಕೆ ಇಳಿದು ಅಲ್ಲೇ ಕೂತಿತು. ಯಂತ್ರ ಕೂಗಲಿಲ್ಲ. ಯಾಕೆ ಕೂಗೀತು? ನಿವೃತ್ತ ಶಿಕ್ಷಕಿಯಾದ ನನಗೆ ಅರ್ಥವಾಗುತ್ತದೆ: ಐದು ಅಂಕ ಹೆಚ್ಚೇ ತೆಗೆದು ಅವಳು ಪಾಸಾಗಿದ್ದಳು. ಅರಿವಳಿಕೆ ವೈದ್ಯರು ಎಲ್ಲಿದ್ದರು? ಇನ್ನೊಬ್ಬರಿಗೆ ಅರಿವಳಿಕೆ ಕೊಡಲು ಪಕ್ಕದ ಥಿಯೇಟರಿಗೆ ಹೋಗಿದ್ದರು. ಎರಡು ಟೇಬಲ್ಲಿಗೆ ಒಬ್ಬರನ್ನೇ ಹಾಕಿರುವುದೂ ತಮ್ಮದೇ ವ್ಯವಸ್ಥೆ. ಆಮೇಲೆ ಅವರು ನನ್ನ ಮುಖ ನೋಡಲಾಗದೆ ಹೇಳಿದರು: "ಅಲಾರಾಂ ಹೊಡೆದಿದ್ರೆ ಓಡಿ ಬರ್ತಿದ್ದೆ ಅಮ್ಮ. ಬಿಪಿ ಏರಿಸೋ ಔಷಧಿ ಸಿರಿಂಜಲ್ಲಿ ರೆಡಿ ಇತ್ತು."

ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟನ್ನೆಲ್ಲ ತಮಗೆಂದು ಎತ್ತಿಟ್ಟಿದ್ದೇನೆ.

ಅಕ್ಕ ಈಗ ಹೀಗಾಗಿರುವುದಕ್ಕೆ ಬಿಪಿ ಇಳಿದದ್ದೊಂದೇ ಕಾರಣವೆಂದು ನಾನು ಆಣೆ ಹಾಕಲಾರೆ. "ವಯಸ್ಸಾದವ್ರಿಗೆ ಆಪರೇಷನ್ ಆದ್ಮೇಲೆ ಹೀಗೆಲ್ಲ ಆಗುತ್ತೆ, ಸರಿಹೋಗ್ತಾರೆ" ಎಂದು ತಾವೇ ಹೇಳಿದಿರಿ. ಸರಿಹೋಗಿದ್ದಾಳೆ, ಅತಿಯಾಗಿಯೇ. ಮೊದಲು ನೀರು ತಂದುಕೊಟ್ಟರೆ "ಲೋಟ ತೊಳೆದ್ಯೇನೇ ಸೋಮಾರಿ?" ಎನ್ನುತ್ತಿದ್ದವಳು ಈಗ ಕೈ ಮುಗಿದು, "ತುಂಬಾ ಉಪಕಾರ ಆಯ್ತಮ್ಮ. ನಿಮ್ಮ ಮನೆ ಎಲ್ಲಿ?" ಎಂದು ಕೇಳುತ್ತಾಳೆ. ಇಂಥ ಮರ್ಯಾದೆ ನನಗೆ ಬೇಕಿರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತು ಬರುತ್ತೇನೆ.

ಬರುವ ಸೋಮವಾರ ತಮ್ಮದೇ ಥಿಯೇಟರಿನಲ್ಲಿ ನನ್ನ ಕರುಳಿನ ಗಡ್ಡೆಯ ಆಪರೇಷನ್. ನನ್ನದೂ ನೂರೈವತ್ತರ ವಂಶವೇ. ಹತ್ತಿರದಲ್ಲಿ ಬೇರೆ ಆಸ್ಪತ್ರೆ ಇದ್ದಿದ್ದರೆ ಈ ಪತ್ರ ಓದುವ ಶ್ರಮ ತಮಗೆ ತಪ್ಪುತ್ತಿತ್ತು. ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಅವರವರ ರೂಢಿಯ ಬಿಪಿ ನೋಡಿ ಯಂತ್ರಕ್ಕೆ ಗಡಿ ಹಾಕಿಸಿ. ನಾನು ಎಚ್ಚರಗೊಳ್ಳುವವರೆಗೂ ಅರಿವಳಿಕೆ ವೈದ್ಯರು ನನ್ನ ತಲೆದೆಸೆಯಲ್ಲೇ ಇರಲಿ. ಯಂತ್ರ ಎಷ್ಟು ಬೇಕಾದರೂ ಕೂಗಿಕೊಳ್ಳಲಿ ಬಿಡಿ, ನನಗೇನೂ ನಿದ್ದೆ ಕೆಡುವುದಿಲ್ಲ.

ಅಕ್ಕನಿಗೆ ಅವಳು ಯಾರೆಂದು ದಿನಾ ಬೆಳಿಗ್ಗೆ ನಾನೇ ಹೇಳಬೇಕು. ನಾನೂ ಮರೆತು ಮನೆಗೆ ಬಂದರೆ, ನಮ್ಮಿಬ್ಬರಿಗೂ ಹೇಳುವವರು ಯಾರೂ ಇಲ್ಲ.

ಇಂತಿ,
ಸೋಮವಾರದವರೆಗಂತೂ ಎಲ್ಲ ನೆನಪಿರುವ ತಂಗಿ