ನನ್ನ ಪಾಲಿನ ಕೋಸು

ಅತ್ತೆ,

ಹೀಗೆ ಕರೆದರೆ ನಿಮಗೆ ತಿಳಿಯುವುದಿಲ್ಲ ಎಂದು ಗೊತ್ತು. ಮದುವೆಯಾದ ಹೊಸದರಲ್ಲಿ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನನ್ನ ಮೊರೀನ್ ಅಂತ ಕರಿ, ಸಾಕು" ಎಂದಿರಿ. ಹಾಸನದಲ್ಲಿ ಬೆಳೆದವಳು ನಾನು, ಗಂಡನ ತಾಯಿಯನ್ನು ಹೆಸರು ಹಿಡಿದು ಕರೆಯುವುದು ಹೇಗೆ? ನಾಲಿಗೆ ಏಳಲಿಲ್ಲ. ಮಿಸೆಸ್ ಎಂದರೆ ನಿಮಗೆ ಸಿಟ್ಟು, ಅತ್ತೆ ಎಂದರೆ ಅರ್ಥವಾಗದು. ಹಾಗಾಗಿ ಇಷ್ಟು ವರ್ಷವೂ ಏನೂ ಕರೆಯದೆ, ನಿಮ್ಮ ಎದುರಿಗೆ ಬಂದು ನಿಂತು, ಸಣ್ಣಗೆ ಕೆಮ್ಮಿ, ನೀವು ತಲೆಯೆತ್ತಿದ ಮೇಲೆ ಮಾತು ಶುರು ಮಾಡುತ್ತಿದ್ದೆ. ಪಾಪ, ನೀವು ಎಷ್ಟೋ ಸಲ ನನಗೆ ಕೆಮ್ಮಿನ ಔಷಧಿ ಕೊಟ್ಟಿದ್ದೀರಿ. ಅದನ್ನೂ ಬಾಯಿ ಮುಚ್ಚಿಕೊಂಡು ಕುಡಿದಿದ್ದೇನೆ.

ಈಗ ನೀವಿಲ್ಲದ್ದರಿಂದ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ನನಗೆ ಸಾಫ್ಟ್‌ವೇರಿನ ತಪ್ಪು ಹುಡುಕಲು ಬರುತ್ತದೆ, ಮೀಟಿಂಗಿನಲ್ಲಿ ಕೂತು ತಲೆಯಾಡಿಸಲು ಬರುತ್ತದೆ, ಜಗಳವಾಡಲು ಮಾತ್ರ ಬರುವುದಿಲ್ಲ. ನಿಮ್ಮ ಜೊತೆ ನನಗೊಂದು ಜಗಳವಿದೆ. ನಿನ್ನೆ ನಿಮ್ಮ ಮನೆಯಲ್ಲಿ, ನಿಮ್ಮ ಒಲೆಯ ಮೇಲೆ, ನಿಮ್ಮ ಹಬ್ಬದ ಅಡುಗೆಯನ್ನು ನಾನು ಮಾಡಿದೆ. ಹೌದು, ನಾನೇ. ದನದ ಮಾಂಸ, ಕೋಸು, ಆಲೂಗಡ್ಡೆ, ಎಲ್ಲವನ್ನೂ.

ಮೊದಲ ವರ್ಷದ ಆ ಹಬ್ಬ ನೆನಪಿದೆಯೇ? ನಿಮ್ಮ ಮಗ ಕೆವಿನ್ ಕಾರಿನಲ್ಲಿ ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದ: ಮಾರ್ಚಿನಲ್ಲಿ ಐರಿಶ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬ ಬಂತೆಂದರೆ ಅಮ್ಮ ಬೇರೆಯೇ ಆಗಿಬಿಡುತ್ತಾಳೆ, ಅವಳ ಅಜ್ಜ ಐರ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು ನಿನ್ನೆಯೇನೋ ಎಂಬಂತೆ ಆಡುತ್ತಾಳೆ, ಊಟ ಬೇಡ ಎಂದು ಮಾತ್ರ ಅನ್ನಬೇಡ ಎಂದು. ನಾನು ಹೆದರಿಕೊಂಡೇ ಒಳಗೆ ಬಂದೆ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಹಿತ್ತಲಲ್ಲಿ ಹಸು ಕಟ್ಟಿ, ಹಬ್ಬಕ್ಕೆ ಅದರ ಹಣೆಗೆ ಕುಂಕುಮ ಇಟ್ಟವರು ನಾವು. ನೀವು ನನ್ನ ಮುಖ ನೋಡಿದ್ದೇ, "ನೀನು ಮುಂದಿನ ಕೋಣೆಯಲ್ಲಿ ಕೂತ್ಕೋ, ಈ ವಾಸನೆ ನಿಂಗಾಗಲ್ಲ" ಎಂದು ಅಡುಗೆಮನೆಯಿಂದ ಹೊರಗೆ ಕಳಿಸಿದಿರಿ. ಆಮೇಲೆ ಊಟದ ಹೊತ್ತಿಗೆ ನನ್ನ ಮುಂದೆ ಒಂದು ತಟ್ಟೆ ತಂದಿಟ್ಟಿರಿ. ಮಿಕ್ಕವರದೆಲ್ಲ ಬಿಳಿ ತಟ್ಟೆ, ನನ್ನದು ನೀಲಿ ಅಂಚಿನದು. ಅದರಲ್ಲಿ ಕೋಸು, ಆಲೂಗಡ್ಡೆ, ಕ್ಯಾರೆಟ್ಟು, ಮೇಲೆ ಕರಗುತ್ತಿದ್ದ ಬೆಣ್ಣೆ. ಕೆವಿನ್ ತನ್ನ ಫೋರ್ಕಿನಿಂದ ನನ್ನ ಆಲೂಗಡ್ಡೆಯ ಒಂದು ಚೂರು ಎತ್ತಿಕೊಳ್ಳಲು ಬಂದಾಗ ನೀವು ಅವನ ಕೈಗೆ ಚಟ್ಟೆಂದು ಹೊಡೆದಿರಿ. "ನಿನ್ನ ಎಂಜಲು ಫೋರ್ಕು ಅಲ್ಲಿಗೆ ಹೋಗಬಾರದು. ಅದು ಅವಳದು."

ಆ ಏಟು ಬಿದ್ದದ್ದು ಕೆವಿನ್‌ಗೆ, ಕಣ್ಣಲ್ಲಿ ನೀರು ಬಂದದ್ದು ನನಗೆ. ಈ ದೇಶದಲ್ಲಿ ನನ್ನ ತಟ್ಟೆಯನ್ನು ಅಷ್ಟು ಜೋಪಾನ ಮಾಡಿದವರು ಬೇರೆ ಯಾರಿದ್ದರು? ಆಫೀಸಿನ ಪಾರ್ಟಿಗಳಲ್ಲಿ ಪಿಜ್ಜಾದ ಮೇಲಿನ ಮಾಂಸವನ್ನು ಕಿತ್ತುಹಾಕಿ, "ಈಗ ಇದು ವೆಜಿಟೇರಿಯನ್" ಎಂದು ಕೊಡುತ್ತಿದ್ದರು. ನಿಮ್ಮ ಕೋಸೋ, ಅಂಥ ರುಚಿಯ ಕೋಸನ್ನು ನಾನು ಎಲ್ಲೂ ತಿಂದಿರಲಿಲ್ಲ. ಬರೀ ಬೇಯಿಸಿದ್ದು, ಮಸಾಲೆಯಿಲ್ಲ, ಒಗ್ಗರಣೆಯಿಲ್ಲ, ಆದರೂ ಬಾಯಲ್ಲಿಟ್ಟರೆ ಕರಗುವಂತಿತ್ತು. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ. ಆಮೇಲೆ ಪ್ರತಿ ಮಾರ್ಚಿಗೂ ಹಾಕಿಸಿಕೊಂಡೆ.

ಆ ವಾರ ಹಾಸನಕ್ಕೆ ಫೋನು ಮಾಡಿ ಅಮ್ಮನಿಗೆ ಎಲ್ಲ ಹೇಳಿದ್ದೆ. "ನನಗೆ ಅಂತಲೇ ಬೇರೆ ಪಾತ್ರೆ, ಬೇರೆ ತಟ್ಟೆ ಅಮ್ಮ." ಬೇರೆ ಪಾತ್ರೆ ಎಂದು ನೀವು ಹೇಳಿರಲಿಲ್ಲ, ನಾನು ಅಂದುಕೊಂಡಿದ್ದೆ. ತಟ್ಟೆಯೇ ಬೇರೆ ಇಟ್ಟವರು ಪಾತ್ರೆ ಬೇರೆ ಇಡದೆ ಇರುತ್ತಾರೆಯೇ? ಅಮ್ಮ, "ನೋಡ್ದ್ಯಾ, ದೇಶ ಯಾವ್ದಾದ್ರೇನು, ದೊಡ್ಡ ಮನಸ್ಸು. ನಮ್ಮ ಬೀಗಿತ್ತಿಗೆ ಏನಾದ್ರೂ ಕಳಿಸ್ಬೇಕು ಕಣೆ" ಎಂದಳು. ನಮ್ಮ ಬೀದಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಬರುವವರೊಬ್ಬರ ಕೈಯಲ್ಲಿ ಅರಿಶಿನ ಕುಂಕುಮದ ಜೊತೆ ಹಸಿರು ರವಿಕೆ ಕಣ ಕಳಿಸಿದಳು. ನೀವು ಅದನ್ನು ಎತ್ತಿ ಹಿಡಿದು, "ಎಂಥಾ ಹಸಿರು, ನಮ್ಮ ಹಬ್ಬದ್ದೇ ಬಣ್ಣ, ಅದಕ್ಕೆ ಅಂತಲೇ ಮಾಡಿದ ಹಾಗಿದೆ" ಎಂದು ಸೋಡಾ ಬ್ರೆಡ್ಡಿನ ಬುಟ್ಟಿಗೆ ಹೊದಿಸಿದಿರಿ. ಇವತ್ತಿಗೂ ಅದರ ಕೆಲಸ ಅದೇ. ಅದು ರವಿಕೆ ಹೊಲಿಸುವ ಬಟ್ಟೆ ಎಂದು ನಾನೂ ಹೇಳಲಿಲ್ಲ. ನಮ್ಮಿಬ್ಬರ ನಡುವೆ ಹೀಗೆ ಹೇಳದೆ ಉಳಿದದ್ದು ಎಷ್ಟೋ...

ಈ ವರ್ಷ ಕೆವಿನ್ ತಾನೇ ಅಡುಗೆ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದ. ನೀವು ಹೋದಾಗಿನಿಂದ ಮಾವ ಊಟದ ಮೇಜಿಗೆ ಬಂದಿರಲಿಲ್ಲ. ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಸಿಂಕಿನ ಪಕ್ಕ ನಿಂತುಕೊಂಡೇ ಹಾಲಿಗೆ ಸೀರಿಯಲ್ ಹಾಕಿಕೊಂಡು ತಿನ್ನುವುದು. ಕೇಳಿದರೆ, "ಒಬ್ಬನಿಗೆ ಮೇಜು ಯಾಕೆ?" ಹಬ್ಬದ ದಿನವಾದರೂ ಅವರನ್ನು ಮೇಜಿಗೆ ಕೂರಿಸಬೇಕು ಎಂದು ನಾವಿಬ್ಬರೂ ಹಟ ಹಿಡಿದಿದ್ದೆವು. ನಿನ್ನೆ ಶನಿವಾರ ಬೆಳಿಗ್ಗೆ ನಿಮ್ಮ ಮಗನಿಗೆ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿನಿಂದ ಫೋನು ಬಂತು. ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುವ ಅವನ ಕಂಪನಿ ನಿಮಗೆ ಗೊತ್ತಲ್ಲ? ಕುಂಡವನ್ನು ಯಾರು ಕಂಪ್ಯೂಟರಿನಲ್ಲಿ ನೋಡಿ ಕೊಳ್ಳುತ್ತಾರೆ ಎಂದು ನೀವೊಬ್ಬರೇ ಅವತ್ತು ಕೇಳಿದ್ದು. ಎಲ್ಲರೂ ಕೂಡಲೇ ಬರಬೇಕು, ಕಂಪನಿಯ ವಿಷಯ ಮಾತಾಡುವುದಿದೆ ಎಂದರಂತೆ. ಅವನು ಶೂ ಕಟ್ಟಿಕೊಳ್ಳುತ್ತ, ಫ್ರಿಜ್ಜಿನ ಕಡೆ ಕೈ ತೋರಿಸಿ, "ಮಾಂಸ ಅಲ್ಲಿದೆ. ನೀರಿಗೆ ಹಾಕಿದ್ರೆ ತಾನೇ ಬೇಯುತ್ತೆ. ಅಪ್ಪ ಹೇಳ್ತಾರೆ" ಎಂದು ಹೊರಟೇಬಿಟ್ಟ.

ಹೇವರ್ಡಿನ ನಮ್ಮ ಮನೆಯಿಂದ ಸೇತುವೆ ದಾಟಿ ನಿಮ್ಮ ಸ್ಯಾನ್ ಮಟಿಯೋ ಮನೆಗೆ ಬರುವಾಗ ಆ ಮಾಂಸದ ಪೊಟ್ಟಣ ನನ್ನ ಪಕ್ಕದ ಸೀಟಿನಲ್ಲಿತ್ತು. ಬ್ರೇಕು ಹಾಕಿದಾಗ ಉರುಳಿ ನನ್ನ ಕಡೆ ಬಂತು. ನನ್ನ ಅಜ್ಜಿ ಮೇಲಿನಿಂದ ನೋಡುತ್ತಿದ್ದರೆ ಏನೆನ್ನುತ್ತಿದ್ದಳು ಎಂದು ಯೋಚಿಸಲೂ ಧೈರ್ಯ ಬರಲಿಲ್ಲ. ಮಾವನಿಗೆ ಒಂದು ಹೊತ್ತಿನ ಊಟ, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಗಾಡಿ ಓಡಿಸಿದೆ.

ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹಳದಿ ಗ್ಲೌಸು ಹಾಕಿಕೊಂಡು ನಾನು ನಿಂತಾಗ, ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದ ಮಾವ, "ಆಪರೇಷನ್ನು ಎಷ್ಟು ಹೊತ್ತಿಗೆ ಡಾಕ್ಟ್ರೇ?" ಎಂದರು. ನೀವು ಹೋದ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ. ಪೊಟ್ಟಣ ಕತ್ತರಿಸಿ, ಮಾಂಸ ನೆನೆಹಾಕಿದ್ದ ಉಪ್ಪುನೀರು ಚೆಲ್ಲಿ, ಕಣ್ಣು ಅರ್ಧ ಮುಚ್ಚಿಕೊಂಡು ಅದನ್ನು ತೊಳೆದೆ. ಜೊತೆಯಲ್ಲೊಂದು ಪುಟ್ಟ ಪೊಟ್ಟಣವಿತ್ತು. ಹೊಸ ಶೂ ಡಬ್ಬಿಯಲ್ಲಿ ಇರುತ್ತದಲ್ಲ, ತಿನ್ನಬೇಡಿ ಎಂದು ಬರೆದದ್ದು, ಅಂಥದ್ದೇ ಎಂದುಕೊಂಡು ಕಸಕ್ಕೆ ಎಸೆದೆ. ಮಾವ ಕುರ್ಚಿಯಿಂದ ಅರ್ಧ ಎದ್ದರು. "ಅಯ್ಯೋ, ಅದೇ ಮಸಾಲೆ." ಕಸದಿಂದ ತೆಗೆದು, ಒರೆಸಿ, ಬಿಡಿಸಿ ನೋಡುತ್ತೇನೆ: ಕೊತ್ತಂಬರಿ ಬೀಜ, ಸಾಸಿವೆ, ಕಾಳುಮೆಣಸು, ಲವಂಗ, ಪಲಾವಿನ ಎಲೆ. ಅತ್ತೆ, ಇದೇನಿದು? ನಾನು ಸಾರಿನ ಪುಡಿಗೆ ಹುರಿದಾಗಲೆಲ್ಲ ಸೀನುತ್ತ ಕಿಟಕಿ ತೆಗೆಯುತ್ತಿದ್ದಿರಿ. ನಿಮ್ಮ ಪಾತ್ರೆಯೊಳಗೆ ಇಷ್ಟು ವರ್ಷ ಕುದಿಯುತ್ತಿದ್ದದ್ದು ನನ್ನ ಮಸಾಲೆ ಡಬ್ಬಿಯೇ ತಾನೇ?

ಬೆಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಮಾವನನ್ನು ಕೇಳಿದೆ. "ಆದಾಗ ಗೊತ್ತಾಗುತ್ತೆ ಅಂತಿದ್ಲು" ಎಂದರು. ಯಾರಿಗೆ ಗೊತ್ತಾಗಬೇಕು? ಮಾಂಸವನ್ನು ಜನ್ಮದಲ್ಲಿ ಮುಟ್ಟದವಳಿಗೋ, ಅದನ್ನು ಹೋಳು ಮಾಡುವುದು ಬಿಟ್ಟು ಬೇರೇನೂ ಮಾಡದ ಅವರಿಗೋ? ಕುಕ್ಕರಿನಲ್ಲಿಟ್ಟು ಕೂಗಿಸಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ನನ್ನ ಕುಕ್ಕರನ್ನು ನಾನು ಆ ಕೆಲಸಕ್ಕೆ ಕೊಡುವುದುಂಟೇ? ಮಧ್ಯಾಹ್ನವಿಡೀ ಅದು ಗೊಟಗೊಟ ಕುದಿಯಿತು. ಫೋರ್ಕಿನಿಂದ ಚುಚ್ಚಿ, ಮೂಗು ಮುಚ್ಚಿ, ಮತ್ತೆ ಚುಚ್ಚಿ. ಕಡೆಗೆ ಮಾವ ಎದ್ದು ಬಂದು ತಾವೇ ಚುಚ್ಚಿ ನೋಡಿ, "ಈಗ ತರಕಾರಿ ಹಾಕು" ಎಂದರು.

ನಾನು ಕೆಳಗಿನ ಕಪಾಟು ತೆಗೆದು ಹುಡುಕತೊಡಗಿದೆ. "ಚಿಕ್ಕ ಪಾತ್ರೆ ಎಲ್ಲಿ?"

"ಯಾವ ಚಿಕ್ಕ ಪಾತ್ರೆ?"

"ನನ್ನ ಕೋಸು ಬೇಯಿಸ್ತಿದ್ರಲ್ಲ, ಅದು."

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. "ಪಾತ್ರೆ ಇರೋದು ಒಂದೇ. ಕೋಸು ಹೋಗೋದು ಈ ನೀರಿಗೇ ಮಗಳೇ. ರುಚಿಯೆಲ್ಲ ಅಲ್ಲೇ ಇರೋದು."

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಭಾಷೆಗೆ ತಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬಾಯಲ್ಲಿ ಕರಗುವ ಕೋಸು, ಎರಡೆರಡು ಸಲ ಹಾಕಿಸಿಕೊಂಡ ಕೋಸು, ಅಮ್ಮ ಬೀದಿಗೆಲ್ಲ ಹೊಗಳಿದ ಕೋಸು. ಮಾವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ನನ್ನನ್ನು ಸಮಾಧಾನ ಮಾಡಲು ಡ್ರಾಯರು ಎಳೆದು ಒಂದು ತೂತಿನ ಸೌಟು ತಂದರು. ಹಿಡಿಗೆ ಕೆಂಪು ನೂಲು ಸುತ್ತಿತ್ತು. "ಇದು ನೋಡು, ನಿನ್ನದು. ಮಾಂಸ ತೆಗೆಯೋ ಸೌಟೇ ಬೇರೆ, ನಿನ್ನ ತರಕಾರಿ ತೆಗೆಯೋದೇ ಬೇರೆ. ನಾನೊಂದು ಸಲ ಬದಲಾಯಿಸಿಬಿಟ್ಟೆ ಅಂತ ತಟ್ಟೆಯಲ್ಲಿದ್ದ ಕೋಸೆಲ್ಲ ಚೆಲ್ಲಿ ಮತ್ತೆ ಬೇರೆ ಕೋಸು ಹಾಕಿದ್ಲು."

ಅದೇ ನೀರಿಗೆ ಮತ್ತೆ ಹಾಕಿದ್ದು ತಾನೇ? ಅತ್ತೆ, ಸೌಟಿಗೆ ನೂಲು ಸುತ್ತುವಷ್ಟು ಬುದ್ಧಿ ಇದ್ದವರಿಗೆ ನೀರು ಕಾಣಲಿಲ್ಲವೇ? ತಟ್ಟೆ ಬೇರೆ, ಸೌಟು ಬೇರೆ, ಮಗನ ಫೋರ್ಕಿಗೆ ಏಟು ಬೇರೆ. ಇಷ್ಟೆಲ್ಲ ಮಡಿ ಮಾಡಿದಿರಿ. ಇದಕ್ಕೆ ನಗುವುದೋ ಅಳುವುದೋ?

ಕೆವಿನ್‌ಗೆ ಫೋನು ಮಾಡಿದೆ. ಅವನ ಹಿಂದೆ ಕುರ್ಚಿಗಳನ್ನು ಎಳೆದಾಡುವ ಸದ್ದು. "ನಿಂಗೆ ಗೊತ್ತಿತ್ತಾ?" ಎಂದೆ. "ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ" ಎಂದ. ಅವನನ್ನು ಅಲ್ಲೇ ಬಿಟ್ಟು ಫೋನು ಇಟ್ಟೆ. ಅವನ ಪಾಲಿನದ್ದು ಬೇರೆ ಇದೆ, ಅದನ್ನು ಇಂಗ್ಲಿಷಿನಲ್ಲೇ ಕೊಡುತ್ತೇನೆ.

ಸಾಸಿನ ಪುಟ್ಟ ಪಾತ್ರೆಯೊಂದು ಸಿಕ್ಕಿತು. ಅದನ್ನು ಮೂರು ಸಲ ತೊಳೆದು, ನನ್ನ ಕೋಸನ್ನು ಬೇರೆ ಬೇಯಿಸಿಕೊಂಡೆ. ಮೇಜಿನ ಮೇಲೆ ಎಲ್ಲ ಇಟ್ಟು, ಬ್ರೆಡ್ಡಿಗೆ ಹಸಿರು ಕಣ ಹೊದಿಸಿ ಕೂತೆ. ಮಾವ ಬಂದರು. ನಿಮ್ಮ ಕುರ್ಚಿಯ ಬೆನ್ನು ಹಿಡಿದು ಒಂದು ಕ್ಷಣ ನಿಂತರು, ಆಮೇಲೆ ತಮ್ಮ ಜಾಗದಲ್ಲಿ ಕೂತರು. ಮಾಂಸ ತೆಳುವಾಗಿ ಕೊಯ್ದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಚೆನ್ನಾಗಿದೆ ಎನ್ನಲಿಲ್ಲ, ಇನ್ನೊಂದು ಹೋಳು ಹಾಕಿಕೊಂಡರು. ಅದಕ್ಕಿಂತ ಹೆಚ್ಚು ನನಗೇನು ಬೇಕಿತ್ತು?

ಸ್ವಲ್ಪ ಹೊತ್ತಿನ ಮೇಲೆ ನನ್ನ ತಟ್ಟೆಯ ಕಡೆ ನೋಡಿ ಕೇಳಿದರು, "ನಿಂಗೆ ಆ ನೀರು ಆಗ್ತಿರಲಿಲ್ವಾ?" ಇಲ್ಲ ಎಂದೆ. ಅವರು ಫೋರ್ಕು ಕೆಳಗಿಟ್ಟರು. "ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ದಿನ ಬೆಳಿಗ್ಗೆಯಿಂದ ಅವಳಿಗೆ ಅದೊಂದೇ ಚಿಂತೆ. ಪಾಪದ ಹುಡುಗಿ ಅಷ್ಟು ದೂರದಿಂದ ಬಂದಿದ್ದಾಳೆ, ಮಾಂಸ ತಿನ್ನಲ್ಲ, ಬರೀ ನೀರಲ್ಲಿ ಬೇಯಿಸಿ ಆಸ್ಪತ್ರೆ ಊಟದ ಥರ ಕೊಡೋದು ಹೇಗೆ ಅಂತ. ನೀನು ಎರಡನೇ ಸಲ ಕೇಳಿದ ದಿನ ರಾತ್ರಿ ಎಲ್ಲರಿಗೂ ಫೋನು ಮಾಡಿ ಹೇಳಿದ್ಲು."

ಹೀಗಾದರೆ ನಾನು ಜಗಳವಾಡುವುದು ಹೇಗೆ ಹೇಳಿ? ನಾನು ಹಾಸನಕ್ಕೆ ಫೋನು ಮಾಡಿ ಹೊಗಳಿಕೊಳ್ಳುತ್ತಿದ್ದಾಗ ನೀವೂ ಇಲ್ಲಿ ಫೋನು ಹಿಡಿದು ಅದನ್ನೇ ಮಾಡುತ್ತಿದ್ದಿರಿ. ಸಿಟ್ಟು ಇಳಿದಿಲ್ಲ, ತಿಳಿದಿರಲಿ. ಇವತ್ತು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ದೀಪ ಹಚ್ಚಿದೆ. ಆಮೇಲೆ ಕೆಂಪು ನೂಲಿನ ಸೌಟನ್ನು ಬಿಸಿನೀರಿನಲ್ಲಿ ಕುದಿಸಿ ನನ್ನ ಡ್ರಾಯರಿನಲ್ಲಿಟ್ಟೆ. ನಿಮ್ಮ ಮನೆಯಿಂದ ಕೇಳಿ ತಂದದ್ದು ಅದೊಂದನ್ನೇ.

ಇನ್ನು ನೀವು ಕೇಳದೆ ಹೋದ ಸುದ್ದಿ. ಹೂಕುಂಡದ ಕಂಪನಿ ಮುಚ್ಚಿತು, ನಿಮ್ಮ ಮಗ ಮನೆಯಲ್ಲಿದ್ದಾನೆ. ಮಾವ ಇನ್ನು ಮೇಲೆ ಭಾನುವಾರ ನಮ್ಮ ಮೇಜಿಗೆ ಬರುತ್ತಾರೆ, ಸಾರಿಗೆ ಸೀನುವುದಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ನಿಮ್ಮ ಹಬ್ಬವನ್ನು ಪ್ರತಿ ವರ್ಷ ನಾನೇ ಮಾಡುತ್ತೇನೆ, ಎರಡು ಪಾತ್ರೆಯಲ್ಲಿ. ಅಮ್ಮನಿಗೆ ಮಾತ್ರ ಸಾಯುವತನಕ ಹೇಳುವುದಿಲ್ಲ. ನೀವು ಅವಳಿಗೆ ದೊಡ್ಡ ಮನಸ್ಸಿನ ಬೀಗಿತ್ತಿಯಾಗಿಯೇ ಇರಿ.

ನಿನ್ನೆ ನಾನು ಬೇರೆ ಬೇಯಿಸಿಕೊಂಡ ಕೋಸಿಗೆ ಬೆಣ್ಣೆ ಹಾಕಿದೆ, ಮೆಣಸಿನಪುಡಿ ಹಾಕಿದೆ, ಕೊನೆಗೆ ತಡೆಯಲಾರದೆ ಸಾಸಿವೆ ಒಗ್ಗರಣೆಯನ್ನೂ ಕೊಟ್ಟೆ. ನೀಲಿ ಅಂಚಿನ ತಟ್ಟೆಯಲ್ಲೇ ತಿಂದೆ. ಯಾರಿಗೂ ಹೇಳದ ಮಾತು ಅತ್ತೆ, ಕೆಮ್ಮದೆ ಹೇಳುತ್ತಿದ್ದೇನೆ. ನಿಮ್ಮದೇ ಚೆನ್ನಾಗಿತ್ತು.